ಹಳೆಯ ಸ್ಪೀಕರ್, ಮಂದ್ರ ಸ್ವರ ಮತ್ತು ನಮ್ಮ ಕಿವಿ

ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಗಳ ಕಾಲ ಬಂತೆಂದರೆ ಡಿಜೆ ಕುರಿತ ವಾದ ವಿವಾದ ಮರುಕಳಿಸುತ್ತದೆ. ಅನುಮತಿ ನೀಡಬೇಕೆಂದು ಒಂದು ಗುಂಪು, ನಿಷೇಧಿಸಬೇಕೆಂದು ಮತ್ತೊಂದು ಗುಂಪು; ನಡುವೆ ಪೊಲೀಸರು ಮತ್ತು ಜಿಲ್ಲಾಡಳಿತ. ಇತ್ತೀಚಿನ ವರ್ಷಗಳಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಮೆರವಣಿಗೆಯ ಡಿಜೆಗೆ ನಿಷೇಧ ಹೇರಿದ್ದೂ ಆಗಿದೆ. ಈ ಗದ್ದಲದ ನಡುವೆ ಯಾರೂ ಕೇಳದೆ ಉಳಿದ ಪ್ರಶ್ನೆಯೊಂದಿದೆ. ಡಿಜೆ ಬರುವುದಕ್ಕೆ ಮೊದಲು ಊರಿನ ಸಮಾರಂಭಗಳಿಗೆ ದನಿ ಕೊಡುತ್ತಿದ್ದ ಮೈಕ್ ಸೆಟ್‌ಗಳು ಏನಾದವು? ಅವುಗಳಿಂದ ಇಂದಿಗೂ ಆಗಬಹುದಾದ ಕೆಲಸ ಏನಾದರೂ ಇದೆಯೇ?

ತುಮಕೂರು ಜಿಲ್ಲೆಯ ಉತ್ತರ ಭಾಗದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡಗಳನ್ನೇ ಉದಾಹರಣೆಯಾಗಿ ನೋಡಬಹುದು. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಿಂದ ಹಿಡಿದು ಪಾವಗಡದ ಶನೈಶ್ಚರ ಸನ್ನಿಧಿಯವರೆಗೆ, ಕೊರಟಗೆರೆ ಸೀಮೆಯ ಗೊರವನಹಳ್ಳಿಯಿಂದ ಶಿರಾದ ಉರುಸ್, ಉತ್ಸವಗಳವರೆಗೆ ಇಲ್ಲಿ ವರ್ಷದ ಬಹುಪಾಲು ತಿಂಗಳುಗಳಲ್ಲಿ ಒಂದಲ್ಲ ಒಂದು ಕಡೆ ಜನ ಸೇರುತ್ತಾರೆ. ಹಳ್ಳಿಗಳಲ್ಲಿ ಪೌರಾಣಿಕ ನಾಟಕ, ಪಟ್ಟಣಗಳಲ್ಲಿ ರಸಮಂಜರಿ. ಇವೆರಡಕ್ಕೂ ಶಾಮಿಯಾನ ಅಂಗಡಿಯವರ ಧ್ವನಿವರ್ಧಕವೇ ಆಧಾರ. ಅಂಥ ಅಂಗಡಿಗಳ ಹಿಂಭಾಗದಲ್ಲಿ ಅಲ್ಯೂಮಿನಿಯಂ ಹಾರ್ನ್‌ಗಳು, ಮರದ ಉದ್ದನೆಯ ಕಾಲಂ ಸ್ಪೀಕರ್‌ಗಳು, ಹನ್ನೆರಡು ಹದಿನೈದು ಇಂಚಿನ ಕಾಗದದ ಕೋನ್ ಇರುವ ಪೆಟ್ಟಿಗೆಗಳು ದೂಳು ಹಿಡಿದು ಕುಳಿತಿರುತ್ತವೆ. ಒಂದು ದಿನ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ.

ಇನ್ನೊಂದೆಡೆ, ರಸಮಂಜರಿ ತಂಡಗಳಲ್ಲಿ ನುಡಿಸಲು ಹೊರಟ ಯುವಕರಿಗೆ ಬೇಸ್ ಗಿಟಾರ್ ಕೊಳ್ಳುವುದು ಹೇಗೋ ಸಾಧ್ಯವಾಗುತ್ತದೆ. ಅದರ ದನಿ ಹೊರಡಿಸುವ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಕೊಳ್ಳುವುದು ಸಾಧ್ಯವಾಗುವುದಿಲ್ಲ. ಹೀಗಿರುವಾಗ ಹಳೆಯ ಸ್ಪೀಕರ್‌ಗಳನ್ನೇ ಬೇಸ್ ಗಿಟಾರ್‌ಗೆ ಬಳಸಬಾರದೇಕೆ ಎಂಬ ಯೋಚನೆ ಸಹಜ. ಬಳಸಬಹುದು ಎಂಬುದು ಈ ಲೇಖನದ ವಾದ. ಆದರೆ ಆ ಉಪಕರಣದ ಮಿತಿಯನ್ನು ಅರಿತು ಬಳಸಬೇಕು. ಆ ಮಿತಿಯನ್ನು ಅರಿಯುವ ಕ್ರಮದಲ್ಲಿಯೇ ನಮ್ಮ ಸಾರ್ವಜನಿಕ ಸದ್ದಿನ ರೋಗವೇನೆಂಬುದೂ ತಿಳಿಯುತ್ತದೆ.

ಮಾತಿಗಾಗಿ ಹುಟ್ಟಿದ ಯಂತ್ರ

ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯ ಆರಂಭದ ದಶಕಗಳಲ್ಲಿ ಮೈಕ್ ಎಂಬುದೇ ಇರಲಿಲ್ಲ. ಕಡೆಯ ಸಾಲಿನಲ್ಲಿ ಕುಳಿತವನಿಗೂ ಹಾಡು ಕೇಳಿಸಬೇಕೆಂಬುದು ನಟನ ಕಂಠಕ್ಕೆ ಇದ್ದ ಮೊದಲ ಪರೀಕ್ಷೆ. ಅಮೆರಿಕದಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಧಮ್ ಎಂಬ ತಂತ್ರಜ್ಞರು 1915ರ ಕ್ರಿಸ್‌ಮಸ್ ಮುನ್ನಾದಿನ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ದೊಡ್ಡ ಜನಸಮೂಹಕ್ಕೆ ವಿದ್ಯುತ್ ಧ್ವನಿವರ್ಧಕದ ಮೂಲಕ ಸಂಗೀತ ಮತ್ತು ಭಾಷಣ ಕೇಳಿಸಿದರು. 1919ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಸ್ಯಾನ್ ಡಿಯಾಗೊದಲ್ಲಿ ಅದೇ ಬಗೆಯ ಯಂತ್ರದ ನೆರವಿನಿಂದ ಸುಮಾರು 50 ಸಾವಿರ ಜನರನ್ನು ಉದ್ದೇಶಿಸಿ ಮಾತನಾಡಿದರು. ನಮ್ಮಲ್ಲಿ ದೆಹಲಿಯ ಅಹುಜಾ ಸಂಸ್ಥೆ ಕೆಲಸ ಆರಂಭಿಸಿದ್ದು 1940ರಲ್ಲಿ. ಆ ಹೆಸರನ್ನು ಹೊತ್ತ ಹಾರ್ನ್ ಮತ್ತು ಆಂಪ್ಲಿಫೈಯರ್‌ಗಳನ್ನು ನೋಡದ ತಾಲ್ಲೂಕು ಕೇಂದ್ರ ಬಹುಶಃ ಇಲ್ಲ.

ಈ ಯಂತ್ರಗಳು ರೂಪುಗೊಂಡಿದ್ದು ಮುಖ್ಯವಾಗಿ ಮಾತಿಗಾಗಿ. ಮಾತು ಅರ್ಥವಾಗಲು ಸೆಕೆಂಡಿಗೆ 300ರಿಂದ 3,400 ಕಂಪನಗಳ ವ್ಯಾಪ್ತಿಯ ಸದ್ದು ಸಾಕು ಎಂಬುದು ಹಳೆಯ ದೂರವಾಣಿ ವ್ಯವಸ್ಥೆ ಒಪ್ಪಿಕೊಂಡಿದ್ದ ಸೂತ್ರ. ಹಾರ್ನ್ ಆ ವ್ಯಾಪ್ತಿಯಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತದೆ. ಹತ್ತಿಪ್ಪತ್ತು ವಾಟ್ ಶಕ್ತಿಯಲ್ಲಿ ಪಕ್ಕದ ಊರಿಗೂ ಕೇಳುವಷ್ಟು ದನಿ ಹೊರಡಿಸುತ್ತದೆ. ಆದರೆ ಹಾರ್ನ್ ಎಷ್ಟು ತಗ್ಗಿನ ಸ್ವರವನ್ನು ಹೊರಡಿಸಬಲ್ಲದು ಎಂಬುದು ಅದರ ಬಾಯಿಯ ಸುತ್ತಳತೆಯನ್ನು ಅವಲಂಬಿಸಿರುತ್ತದೆ. ಆ ಸುತ್ತಳತೆ ಹೆಚ್ಚೂಕಡಿಮೆ ಸದ್ದಿನ ಅಲೆಯ ಉದ್ದದಷ್ಟಾದರೂ ಇರಬೇಕು. ಅರ್ಧ ಮೀಟರ್ ಅಗಲದ ಹಾರ್ನ್ ಸುಮಾರು 220 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ಸರಿಯಾಗಿ ಹೊರಡಿಸಲಾರದು. ಬೇಸ್ ಗಿಟಾರ್‌ನ ಅತಿ ದಪ್ಪ ತಂತಿಯ ಸ್ವರ 41 ಹರ್ಟ್ಸ್. ಅದರ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಅದನ್ನು ಹಾರ್ನ್‌ನಿಂದ ಹೊರಡಿಸಬೇಕಾದರೆ ಎಂಟೂವರೆ ಅಡಿ ಅಗಲದ ಬಾಯಿ ಬೇಕು. ನಾಟಕದ ಮೈಕಿನಲ್ಲಿ ಹಾರ್ಮೋನಿಯಂ ಕಿವಿಗೆ ಚುಚ್ಚುವಂತೆ ಕೇಳಿಸಿ, ತಬಲಾದ ಎಡಗೈಯ ಗುಂಭ ಕಳೆದುಹೋಗುವುದಕ್ಕೆ ಇದೇ ಕಾರಣ.

ಹಾಗಾಗಿ ಬೇಸ್ ಗಿಟಾರ್‌ನ ವಿಷಯದಲ್ಲಿ ಹಾರ್ನ್‌ಗಳನ್ನು ಮರೆತುಬಿಡುವುದೇ ಒಳ್ಳೆಯದು. ಪ್ರಶ್ನೆ ಇರುವುದು ಹಳೆಯ ಪೆಟ್ಟಿಗೆಗಳ ಬಗ್ಗೆ, ಅಂದರೆ ಹನ್ನೆರಡು ಹದಿನೈದು ಇಂಚಿನ ಕೋನ್ ಸ್ಪೀಕರ್‌ಗಳ ಬಗ್ಗೆ.

ಕೋನ್ ಹರಿಯುವುದು ಏಕೆ?

ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ವಿದ್ಯುತ್ ಬೇಸ್ ಗಿಟಾರ್ ಅನ್ನು ಮಾರುಕಟ್ಟೆಗೆ ತಂದ. ನಮ್ಮ ಚಿತ್ರಸಂಗೀತಕ್ಕೆ ಅದು ಬಂದು ನೆಲೆಸಿದ ಮೇಲೆ ಹಾಡಿನ ಸ್ವರೂಪವೇ ಬದಲಾಯಿತು. 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರಗಳಿಗೆ ಇಳಯರಾಜ ನೀಡಿದ ಸಂಗೀತದಲ್ಲಿ ಬೇಸ್ ಗಿಟಾರ್ ಕೇವಲ ತಾಳದ ಜೊತೆಗಾರನಲ್ಲ. ಹಾಡಿನ ಜೊತೆಯಲ್ಲೇ ನಡೆಯುವ ಮತ್ತೊಂದು ಸ್ವರಪಂಕ್ತಿ. ಆ ಹಾಡುಗಳನ್ನು ರಸಮಂಜರಿಯ ವೇದಿಕೆಯಲ್ಲಿ ಹಾಡುವವರಿಗೆ ಬೇಸ್ ಇಲ್ಲದಿದ್ದರೆ ಹಾಡಿಗೆ ನೆಲವೇ ಇಲ್ಲದಂತಾಗುತ್ತದೆ. ಹೀಗಾಗಿ ಕೈಗೆ ಸಿಕ್ಕ ಸ್ಪೀಕರ್‌ಗೆ ಗಿಟಾರ್ ಜೋಡಿಸುತ್ತಾರೆ. ದನಿ ಸಾಲದು ಎನಿಸಿದಾಗ ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತಾರೆ. ಕೋನ್ ಹರಿಯುತ್ತದೆ, ಇಲ್ಲವೇ ಕಾಯಿಲ್ ಸುಡುತ್ತದೆ. ‘ಹಳೆಯ ಮಾಲು, ಬೇಸ್ ತಡೆಯುವುದಿಲ್ಲ’ ಎಂಬ ತೀರ್ಪಿನೊಂದಿಗೆ ಪೆಟ್ಟಿಗೆ ಗುಜರಿ ಸೇರುತ್ತದೆ.

ತಪ್ಪು ಪೆಟ್ಟಿಗೆಯದಲ್ಲ, ಲೆಕ್ಕದ್ದು. ಒಂದೇ ಮಟ್ಟದ ಸದ್ದನ್ನು ಒಂದು ಸ್ಥಾಯಿ ಕೆಳಗೆ ಹೊರಡಿಸಬೇಕಾದರೆ ಕೋನ್ ನಾಲ್ಕು ಪಟ್ಟು ಹೆಚ್ಚು ದೂರ ಚಲಿಸಬೇಕಾಗುತ್ತದೆ. ಎರಡು ಸ್ಥಾಯಿ ಕೆಳಗಾದರೆ ಹದಿನಾರು ಪಟ್ಟು. ಮಾತು ಮತ್ತು ಹಾಡಿಗೆಂದು ತಯಾರಿಸಿದ ಹಳೆಯ ಕೋನ್ ಹಿಂದೆ ಮುಂದೆ ಚಲಿಸಬಲ್ಲದ್ದು ಕೆಲವೇ ಮಿಲಿಮೀಟರ್. ಪೆಟ್ಟಿಗೆಯ ಹಿಂದೆ ಬರೆದ ವಾಟ್ ಸಂಖ್ಯೆ ಕಾಯಿಲ್ ಎಷ್ಟು ಬಿಸಿ ತಾಳಬಲ್ಲದು ಎಂಬುದನ್ನು ಹೇಳುತ್ತದೆಯೇ ಹೊರತು 41 ಹರ್ಟ್ಸ್‌ನಲ್ಲಿ ಕೋನ್ ಎಷ್ಟು ಚಲಿಸಬಲ್ಲದು ಎಂಬುದನ್ನಲ್ಲ. ಸ್ಪೀಕರ್ ಮತ್ತು ಪೆಟ್ಟಿಗೆಯ ಮಂದ್ರ ಸಾಮರ್ಥ್ಯವನ್ನು ಮೊದಲೇ ಲೆಕ್ಕ ಹಾಕುವ ವಿಧಾನವನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಮಂಡಿಸಿದರು. ಎಪ್ಪತ್ತರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿದರು. ಅದಕ್ಕೆ ಮುಂಚಿನ ವಿನ್ಯಾಸಗಳು ಬಹುಮಟ್ಟಿಗೆ ಅನುಭವ ಮತ್ತು ಅಂದಾಜಿನ ಫಲ.

ಇದರ ಜೊತೆಗೆ ನಮ್ಮ ಮೈಕ್ ಸೆಟ್‌ಗಳಲ್ಲಿ ಇನ್ನೊಂದು ತೊಡಕಿದೆ. ದೂರ ದೂರಕ್ಕೆ ತಂತಿ ಎಳೆಯುವ ಅನುಕೂಲಕ್ಕಾಗಿ ಬಹಳಷ್ಟು ಆಂಪ್ಲಿಫೈಯರ್‌ಗಳಲ್ಲಿ 100 ವೋಲ್ಟ್ ಲೈನ್ ವ್ಯವಸ್ಥೆ ಇರುತ್ತದೆ. ಅದರಲ್ಲಿ ಸ್ಪೀಕರ್‌ಗೂ ಆಂಪ್ಲಿಫೈಯರ್‌ಗೂ ನಡುವೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಮಾತಿಗೆ ಸಾಕಾಗುವ ಈ ಪುಟ್ಟ ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣದ ತಿರುಳು ತಗ್ಗಿನ ಸ್ವರ ಬಂದಾಗ ಬೇಗನೆ ತುಂಬಿಹೋಗಿ, ಸ್ವರ ಒಡೆದು ಬರುತ್ತದೆ. ಕೇಳುವವರು ದೂರುವುದು ಗಿಟಾರ್ ನುಡಿಸಿದವನನ್ನು.

ಇರುವುದರಲ್ಲೇ ಆಗುವ ದಾರಿ

ಹಾಗಾದರೆ ದಾರಿ ಏನು? ದಾರಿ ಕಷ್ಟದ್ದಲ್ಲ. ಮೊದಲನೆಯದಾಗಿ, 41 ಹರ್ಟ್ಸ್ ಮೂಲಸ್ವರವನ್ನು ಪೂರ್ಣ ಬಲದಲ್ಲಿ ಹೊರಡಿಸಲೇಬೇಕೆಂಬ ಹಟವನ್ನು ಬಿಡಬೇಕು. ಯಾವುದೇ ತಂತಿಯ ಸ್ವರದಲ್ಲಿ ಮೂಲ ಕಂಪನದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಉಪಸ್ವರಗಳೂ ಇರುತ್ತವೆ. ಅವು ಸರಿಯಾಗಿ ಕೇಳಿಸಿದರೆ, ಮೂಲಸ್ವರ ಕ್ಷೀಣವಾಗಿದ್ದರೂ ನಮ್ಮ ಕಿವಿ ಮತ್ತು ಮಿದುಳು ಅದನ್ನು ತುಂಬಿಕೊಳ್ಳುತ್ತವೆ. ಗಂಡಸಿನ ದನಿಯ ಮೂಲ ಕಂಪನ ಸುಮಾರು 100ರಿಂದ 120 ಹರ್ಟ್ಸ್. ಹಳೆಯ ದೂರವಾಣಿ ಅದನ್ನು ಸಾಗಿಸುತ್ತಲೇ ಇರಲಿಲ್ಲ. ಆದರೂ ಅಪ್ಪನ ದನಿ ಅಪ್ಪನದಾಗಿಯೇ ಕೇಳುತ್ತಿತ್ತಲ್ಲವೇ? ಬೇಸ್ ಗಿಟಾರ್ ವಾದಕರ ಪಾಲಿಗೆ ಆದರ್ಶವೆಂದು ಹೆಸರಾದ, 1969ರಲ್ಲಿ ಬಂದ ಆಂಪೆಗ್ ಕಂಪನಿಯ ಎಂಟು ಸ್ಪೀಕರ್‌ಗಳ ಮುಚ್ಚಿದ ಪೆಟ್ಟಿಗೆಯನ್ನೇ ನೋಡಿ. ಅದರ ನಂತರದ ಮಾದರಿಯ ತಾಂತ್ರಿಕ ವಿವರದ ಪ್ರಕಾರ 58 ಹರ್ಟ್ಸ್‌ಗೆ ಬರುವಷ್ಟರಲ್ಲೇ ದನಿ 3 ಡೆಸಿಬಲ್ ಇಳಿದಿರುತ್ತದೆ; 40ರ ಹೊತ್ತಿಗೆ 10 ಡೆಸಿಬಲ್. ದೊಡ್ಡ ವೇದಿಕೆಗಳಲ್ಲಿ ಅರ್ಧ ಶತಮಾನ ಆಳಿದ ಪೆಟ್ಟಿಗೆಯೇ ಮಾಡದ ಕೆಲಸವನ್ನು ಶಿರಾದ ಹಳೆಯ ಪೆಟ್ಟಿಗೆಯಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಉಳಿದದ್ದು ಶಿಸ್ತು. ಮಿಕ್ಸರ್ ಅಥವಾ ಈಕ್ವಲೈಸರ್‌ನಲ್ಲಿ 60–70 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕತ್ತರಿಸಿದರೆ ಕೋನ್‌ನ ಮೇಲಿನ ಭಾರ ಬಹುಪಾಲು ಇಳಿಯುತ್ತದೆ. ಲೈನ್ ಟ್ರಾನ್ಸ್‌ಫಾರ್ಮರ್ ಬಿಟ್ಟು, ನೇರ ಓಮ್ ಲೆಕ್ಕದಲ್ಲಿ ಜೋಡಿಸಬೇಕು. 16 ಓಮ್‌ನ ನಾಲ್ಕು ಸ್ಪೀಕರ್‌ಗಳನ್ನು ಸಮಾನಾಂತರವಾಗಿ ಜೋಡಿಸಿದರೆ 4 ಓಮ್ ಆಗುತ್ತದೆ, ಅದನ್ನು ತಾಳುವ ಆಂಪ್ಲಿಫೈಯರ್ ಇರಬೇಕು. ಒಂದೇ ಪೆಟ್ಟಿಗೆಯನ್ನು ಹಿಂಸಿಸುವ ಬದಲು ಎರಡು ಪೆಟ್ಟಿಗೆಗಳನ್ನು ಪಕ್ಕಪಕ್ಕ ಇಟ್ಟರೆ ಅದೇ ದನಿಗೆ ಪ್ರತಿ ಕೋನ್ ಅರ್ಧದಷ್ಟು ಚಲಿಸಿದರೆ ಸಾಕು. ಎರಡೂ ಒಂದೇ ದಿಕ್ಕಿನಲ್ಲಿ ಚಲಿಸುತ್ತಿವೆಯೇ ಎಂಬುದನ್ನು ಟಾರ್ಚಿನ ಒಂದು ಸೆಲ್ ಮುಟ್ಟಿಸಿ ನೋಡಬಹುದು. ಒಂದು ಒಳಕ್ಕೂ ಇನ್ನೊಂದು ಹೊರಕ್ಕೂ ಸರಿದರೆ ತಂತಿ ಅದಲುಬದಲಾಗಿದೆ ಎಂದರ್ಥ. ಆಗ ಮಂದ್ರ ಸ್ವರಗಳು ಪರಸ್ಪರ ರದ್ದಾಗುತ್ತವೆ. ಪೆಟ್ಟಿಗೆಯ ಹಿಂಬದಿ ತೆರೆದಿದ್ದರೆ ಭದ್ರವಾಗಿ ಮುಚ್ಚಬೇಕು. ಹಳೆಯ ವಾಲ್ವ್ ಆಂಪ್ಲಿಫೈಯರ್‌ಗಳನ್ನು ಮಾತ್ರ ತಿಳಿದವರ ಹೊರತು ಯಾರೂ ಬಿಚ್ಚಬಾರದು; ಸ್ವಿಚ್ ತೆಗೆದ ಮೇಲೂ ಅವುಗಳ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ಇಷ್ಟು ಮಾಡಿದರೆ ಹಳೆಯ ಸ್ಪೀಕರ್‌ಗಳ ನಿಜವಾದ ಗುಣ ಹೊರಬರುತ್ತದೆ. ವಾಟ್ ದುಬಾರಿಯಾಗಿದ್ದ ಕಾಲದಲ್ಲಿ ತಯಾರಾದ ಅವುಗಳ ಕೋನ್ ಹಗುರ, ಅಯಸ್ಕಾಂತ ಬಲಶಾಲಿ. ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ 97–98 ಡೆಸಿಬಲ್ ಕೊಡುವ ಪೆಟ್ಟಿಗೆ ಆ ಕಾಲಕ್ಕೆ ಅಪರೂಪವಾಗಿರಲಿಲ್ಲ. 92 ಡೆಸಿಬಲ್ ಕೊಡುವ ಪೆಟ್ಟಿಗೆಗೆ ಹೋಲಿಸಿದರೆ ಅದೇ ಸದ್ದಿಗೆ ನಾಲ್ಕನೇ ಒಂದು ಪಾಲು ವಿದ್ಯುತ್ ಸಾಕು. ಶಾಲೆಯ ಅಂಗಳದಲ್ಲೋ ಊರ ರಂಗಮಂಟಪದ ಮುಂದೆಯೋ ಕುಳಿತ ಇನ್ನೂರು ಮುನ್ನೂರು ಜನರಿಗೆ ಬೇಸ್ ಗಿಟಾರ್‌ನ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳಲು ಐವತ್ತು ನೂರು ವಾಟ್ ಧಾರಾಳವಾಯಿತು.

ಇದು ಬಡವರ ತೇಪೆ ಕೆಲಸ ಎಂಬ ಆಕ್ಷೇಪ ಬರಬಹುದು. ಅದರಲ್ಲಿ ಅರ್ಧ ಸತ್ಯವಿದೆ. ಹತ್ತು ಸಾವಿರ ಜನ ಸೇರುವ ಮೈದಾನಕ್ಕೆ ಹಳೆಯ ಪೆಟ್ಟಿಗೆಗಳು ಸಾಲುವುದಿಲ್ಲ. ಇಂದಿನ ಉತ್ತಮ ಉಪಕರಣಗಳು ಹಗುರ, ಸುರಕ್ಷಿತ, ನಿಯಂತ್ರಣಕ್ಕೆ ಸುಲಭ. ಹಳೆಯದೆಲ್ಲ ಚಿನ್ನ ಎಂಬ ಮೋಹಕ್ಕೆ ಇಲ್ಲಿ ಸ್ಥಾನವಿಲ್ಲ. ಆದರೆ ನಮ್ಮ ಕಾರ್ಯಕ್ರಮಗಳಲ್ಲಿ ಎಷ್ಟು ನಿಜಕ್ಕೂ ಹತ್ತು ಸಾವಿರ ಜನರವು? ಮುನ್ನೂರು ಜನರ ಕಾರ್ಯಕ್ರಮಕ್ಕೆ ಹತ್ತು ಸಾವಿರ ಜನರ ಸದ್ದು ತರಿಸುವುದೇ ಪ್ರತಿಷ್ಠೆ ಎಂದಾಗಿರುವುದರಿಂದ ಹಳೆಯ ಪೆಟ್ಟಿಗೆ ಕೆಲಸಕ್ಕೆ ಬಾರದ್ದಾಗಿ ಕಾಣುತ್ತಿದೆ.

ಕಾನೂನಿನ ಕಿವಿ

ಇಲ್ಲಿಂದ ವಿಷಯ ಸಂಗೀತವನ್ನು ದಾಟಿ ಸಾರ್ವಜನಿಕ ಹಿತಕ್ಕೆ ಬರುತ್ತದೆ. ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು ಜಾರಿಗೆ ಬಂದಿದ್ದು 2000ದಲ್ಲಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಧ್ವನಿವರ್ಧಕ ಬಳಸುವ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಈ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದೆಂದು ಸುಪ್ರೀಂ ಕೋರ್ಟ್ 2005ರ ಜುಲೈ 18ರಂದು ನೀಡಿದ ತೀರ್ಪಿನಲ್ಲಿ ಹೇಳಿತು. ಇವೆಲ್ಲವೂ ‘ಎ’ ತೂಕದ ಡೆಸಿಬಲ್ ಲೆಕ್ಕ. ಸಣ್ಣ ಸದ್ದುಗಳಿಗೆ ಮನುಷ್ಯನ ಕಿವಿ ಸ್ಪಂದಿಸುವ ಬಗೆಯನ್ನು ಅನುಸರಿಸಿ ಈ ಅಳತೆ ತಗ್ಗಿನ ಸ್ವರಗಳನ್ನು ತೀರ ಕಡಿಮೆ ಮಾಡಿ ತೋರಿಸುತ್ತದೆ. 50 ಹರ್ಟ್ಸ್‌ನಲ್ಲಿ ಈ ಕಡಿತ 30 ಡೆಸಿಬಲ್.

ಇದರ ಪರಿಣಾಮ ಗಮನಾರ್ಹ. ಡಿಜೆ ಲಾರಿಯಿಂದ ಹೊರಟ 50 ಹರ್ಟ್ಸ್‌ನ ಗುದ್ದು ನಿಮ್ಮ ಮನೆಯ ಮುಂದೆ 95 ಡೆಸಿಬಲ್ ಇದ್ದರೆ ಅಧಿಕಾರಿಯ ಕೈಯಲ್ಲಿರುವ ಮೀಟರ್ ಅದನ್ನು 65 ಎಂದು ತೋರಿಸುತ್ತದೆ. ವಸತಿ ಪ್ರದೇಶದ ಹಗಲಿನ ಮಿತಿಗೆ 10 ಸೇರಿಸಿದರೂ 65. ಎಂದರೆ ಕಿಟಕಿ ಅದುರಿ, ಹೆಂಚು ಗದಗುಟ್ಟಿ, ಹಾಸಿಗೆ ಹಿಡಿದ ವೃದ್ಧರ ಎದೆ ನಡುಗಿದರೂ ಮೀಟರಿನ ಪ್ರಕಾರ ತಪ್ಪೇನೂ ನಡೆದಿಲ್ಲ. ಅದೇ ವೇಳೆ 1,000 ಹರ್ಟ್ಸ್ ಆಸುಪಾಸಿನಲ್ಲಿ ಕೂಗುವ ನಾಟಕದ ಹಾರ್ನ್ ಒಂದಿಷ್ಟೂ ರಿಯಾಯಿತಿ ಇಲ್ಲದೆ ಸಿಕ್ಕಿಬೀಳುತ್ತದೆ. ಮಂದ್ರದ ಅಲೆಗಳು ಉದ್ದವಾದ್ದರಿಂದ ಗೋಡೆ ಬಾಗಿಲುಗಳು ಅವನ್ನು ತಡೆಯುವುದೂ ಕಡಿಮೆ. ‘ಸಿ’ ತೂಕದಲ್ಲಿ ಅಳೆದರೆ ಅದೇ ಗುದ್ದು 94ರಷ್ಟು ಕಾಣಿಸುತ್ತದೆ. ನೆರೆಹೊರೆಯಲ್ಲಿ ಕೇಳಿಬರುವ ತಗ್ಗಿನ ಸದ್ದನ್ನು ಅಳೆಯಲು ಜರ್ಮನಿ ಪ್ರತ್ಯೇಕ ಮಾನದಂಡವನ್ನೇ ರೂಪಿಸಿಕೊಂಡಿದೆ. ನಾವೂ ‘ಎ’ ಜೊತೆಗೆ ‘ಸಿ’ ಅಳತೆಯನ್ನು ಕಡ್ಡಾಯಗೊಳಿಸಬೇಕು. ಎರಡರ ನಡುವಿನ ಅಂತರ ದೊಡ್ಡದಾಗಿದ್ದರೆ ತೊಂದರೆ ಮಂದ್ರದಲ್ಲಿದೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಕೇಳುಗರ ಆರೋಗ್ಯದ ಮಾತೂ ಇದೆ. ಮನರಂಜನಾ ಸ್ಥಳಗಳಲ್ಲಿ 15 ನಿಮಿಷಗಳ ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಮಾನದಂಡ ಹೇಳುತ್ತದೆ. ಮೆರವಣಿಗೆಯಲ್ಲಿ ಸ್ಪೀಕರ್‌ಗೆ ಎದೆಯೊಡ್ಡಿ ಗಂಟೆಗಟ್ಟಲೆ ಕುಣಿಯುವ ಮಕ್ಕಳ ಕಿವಿಯ ಬಗ್ಗೆ ನಮ್ಮಲ್ಲಿ ಯಾರಿಗೆ ಚಿಂತೆ ಇದೆ?

ರಾತ್ರಿಯ ನಾಟಕಗಳದು ಇನ್ನೂ ಜಟಿಲವಾದ ಸಮಸ್ಯೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ ಮತ್ತು ಸಾಂಸ್ಕೃತಿಕ ಸಂದರ್ಭಗಳಲ್ಲಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಮಾತ್ರ ಸರ್ಕಾರ ಸಡಿಲಿಕೆ ನೀಡಬಹುದು. ಈ ಸೀಮೆಯ ಪೌರಾಣಿಕ ನಾಟಕಗಳು ರಾತ್ರಿ ಊಟದ ನಂತರ ಆರಂಭವಾಗಿ ಬೆಳಕು ಹರಿಯುವ ಹೊತ್ತಿಗೆ ಮಂಗಳ ಹಾಡುವಂಥವು. ಕಾನೂನಿನ ಅಕ್ಷರವನ್ನು ನೋಡಿದರೆ ಎರಡು ಹಾರ್ನ್ ಕಟ್ಟಿದ ನಾಟಕವೂ ಲಾರಿ ತುಂಬ ಸ್ಪೀಕರ್ ಹೊತ್ತ ಡಿಜೆಯೂ ಒಂದೇ. ದೊಡ್ಡ ಬಂಡವಾಳದ ಡಿಜೆ ಮಾಲೀಕ ಅನುಮತಿಗೆ ಓಡಾಡಬಲ್ಲ, ದಂಡವನ್ನೂ ಕಟ್ಟಬಲ್ಲ. ನಾಲ್ಕು ಪೆಟ್ಟಿಗೆ, ಎರಡು ಮೈಕ್ ಇಟ್ಟುಕೊಂಡು ಜೀವನ ಸಾಗಿಸುವ ಹಳ್ಳಿಯ ಮೈಕ್ ಸೆಟ್ಟಿನವನ ಉಪಕರಣ ಒಮ್ಮೆ ಜಪ್ತಿಯಾದರೆ ಅವನ ಆ ವರ್ಷದ ದುಡಿಮೆಯೇ ಮುಳುಗುತ್ತದೆ.

ಇದಕ್ಕೆ ಪರಿಹಾರ ಕಾನೂನನ್ನು ಸಡಿಲಗೊಳಿಸುವುದಲ್ಲ. ಸದ್ದನ್ನು ಜನರಿಗೆ ಹತ್ತಿರ ತರುವುದು. ಮರದ ಮೇಲೆ ಕಟ್ಟಿ ಊರಾಚೆಗೆ ಮುಖ ಮಾಡಿದ ಹಾರ್ನ್‌ನಿಂದ ನೋಡುಗನಿಗೆ ಆಗುವ ಪ್ರಯೋಜನ ಅಲ್ಪ. ಮಧುಗಿರಿಯಂಥ ಏಕಶಿಲಾ ಬೆಟ್ಟದ ಬುಡದ ಊರಿನಲ್ಲಿ ಹಾರ್ನ್ ಬಂಡೆಯತ್ತ ತಿರುಗಿದ್ದರೆ, 170 ಮೀಟರ್ ದೂರದ ಬಂಡೆಗೆ ತಾಗಿದ ಮಾತು ಒಂದು ಸೆಕೆಂಡಿನ ಬಳಿಕ ಮರಳಿ ಬಂದು ಮುಂದಿನ ಮಾತನ್ನು ಕೆಡಿಸುತ್ತದೆ. ಅದರ ಬದಲು ಸಣ್ಣ ಪೆಟ್ಟಿಗೆಗಳನ್ನು ಪ್ರೇಕ್ಷಕರ ಎರಡೂ ಬದಿಯಲ್ಲಿ, ಆಳೆತ್ತರದಲ್ಲಿ ಇಟ್ಟು ತಗ್ಗಿದ ಮಟ್ಟದಲ್ಲಿ ಕೇಳಿಸಿದರೆ ಕಂದಪದ್ಯವೂ ಸ್ಪಷ್ಟ, ನೆರೆಯೂರಿನ ನಿದ್ದೆಯೂ ಭದ್ರ. ಈ ಕೆಲಸಕ್ಕೆ ಗೋದಾಮಿನಲ್ಲಿ ಬಿದ್ದಿರುವ ಕಾಲಂ ಸ್ಪೀಕರ್‌ಗಳಷ್ಟು ಹೊಂದುವ ಉಪಕರಣ ಮತ್ತೊಂದಿಲ್ಲ. ಸರ್ಕಾರಕ್ಕೂ ಆಗ ಕಡಿಮೆ ಸದ್ದಿನ ಸಾಂಪ್ರದಾಯಿಕ ಪ್ರಯೋಗಗಳಿಗೆ ಪ್ರತ್ಯೇಕ ನೀತಿ ರೂಪಿಸುವಂತೆ ಕೇಂದ್ರವನ್ನು ಕೋರಲು ನೈತಿಕ ಬಲ ಬರುತ್ತದೆ.

ಆಗಬೇಕಾದ ಕೆಲಸಗಳು ದುಬಾರಿಯವೇನಲ್ಲ. ತಾಲ್ಲೂಕು ಮಟ್ಟದ ಐಟಿಐಗಳಲ್ಲಿ ಧ್ವನಿ ವ್ಯವಸ್ಥೆಯ ನಿರ್ವಹಣೆ ಮತ್ತು ದುರಸ್ತಿ ಕುರಿತು ಕೆಲವು ವಾರಗಳ ತರಬೇತಿ ಆರಂಭಿಸಬಹುದು. ಕೋನ್ ಬದಲಿಸುವ, ಕಾಯಿಲ್ ಸುತ್ತುವ ಹಿರಿಯ ಕುಶಲಕರ್ಮಿಗಳು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ವಿದ್ಯೆಯನ್ನು ಅಲ್ಲಿಗೆ ತರಬೇಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಾಗೂ ನಾಟಕ ಅಕಾಡೆಮಿಗಳು ನಟರಿಗೆ ಶಿಬಿರ ನಡೆಸುವಂತೆ ಮೈಕ್ ಸೆಟ್ಟಿನವರಿಗೂ ಶಿಬಿರ ನಡೆಸಬೇಕು. ರಂಗದ ಮೇಲಿನ ಮಾತು ಕೊನೆಗೆ ಅವರ ಕೈಯಿಂದಲೇ ಪ್ರೇಕ್ಷಕನನ್ನು ತಲುಪುವುದಲ್ಲವೇ? ಉತ್ಸವ ಸಮಿತಿಗಳು ಧ್ವನಿವರ್ಧಕ ಗೊತ್ತುಮಾಡುವಾಗ ‘ಎಷ್ಟು ವಾಟ್’ ಎಂದು ಕೇಳುವುದನ್ನು ಬಿಟ್ಟು ‘ಎಷ್ಟು ಜನರಿಗೆ’ ಎಂದು ಕೇಳಲು ಕಲಿಯಬೇಕು.

ನಮ್ಮ ಸಂಗೀತದಲ್ಲಿ ಮಂದ್ರಕ್ಕೆ ಗೌರವದ ಸ್ಥಾನವಿದೆ. ತಂಬೂರಿಯ ಮಂದ್ರ ಷಡ್ಜವನ್ನು ಯಾರೂ ಪ್ರತ್ಯೇಕವಾಗಿ ಕೇಳಲು ಹೋಗುವುದಿಲ್ಲ, ಆದರೆ ಅದು ನಿಂತರೆ ಕಛೇರಿ ನಿಲ್ಲುತ್ತದೆ. ಬೇಸ್ ಗಿಟಾರ್ ಮಾಡುವ ಕೆಲಸವೂ ಬೇರೆಯದಲ್ಲ. ಎದೆಗೆ ಗುದ್ದುವುದೇ ಮಂದ್ರ ಎಂಬ ತಪ್ಪು ತಿಳಿವಳಿಕೆಯಲ್ಲಿ ಒಂದು ತಲೆಮಾರು ಬೆಳೆಯುತ್ತಿದೆ. ಪಾವಗಡದ ಹುಡುಗನೊಬ್ಬ ದುರಸ್ತಿ ಮಾಡಿದ ಹಳೆಯ ಎರಡು ಪೆಟ್ಟಿಗೆಗಳಲ್ಲಿ ತನ್ನ ಗಿಟಾರ್‌ನ ಸ್ವರಗಳನ್ನು ಒಂದೊಂದಾಗಿ ಕೇಳಿಸಬಲ್ಲನಾದರೆ ಆ ತಿಳಿವಳಿಕೆ ಅಲ್ಲಿಂದಲೇ ತಿದ್ದಲು ಆರಂಭವಾಗುತ್ತದೆ. ಆ ಪೆಟ್ಟಿಗೆಗಳು ಗುಜರಿ ಸೇರುವ ಮೊದಲು ಈ ಕೆಲಸ ಆಗಬೇಕು.